ಗೋಧಿ ಬಿಟ್ಟ ಮೇಲೆ

ನನ್ನ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು. ಮೂರು ವರ್ಷ ಕಬ್ಬಿಣಾಂಶದ ಮಾತ್ರೆ ನುಂಗಿದ್ದೆ. ಮಾತ್ರೆ ನಡೆದಾಗ ಒಂದಿಷ್ಟು ಏರುವುದು, ನಿಲ್ಲಿಸಿದರೆ ಮತ್ತೆ ಇಳಿಯುವುದು. ಶಾಲೆಯಲ್ಲಿ ಎರಡು ಪಿರಿಯಡ್ ನಿಂತು ಪಾಠ ಮಾಡಿದರೆ ಮೂರನೆಯದಕ್ಕೆ ಕುರ್ಚಿ ಎಳೆದುಕೊಳ್ಳಬೇಕಾಗುತ್ತಿತ್ತು. ಜೊತೆಗೆ ಬಾಯಿಹುಣ್ಣು, ಸಂಜೆಯಾದರೆ ಹೊಟ್ಟೆ ಉಬ್ಬರ. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವುದೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಊಟ ಹಗುರಾಗಲಿ ಎಂದು ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದದ್ದೂ ಅದೇ ದಿನಗಳಲ್ಲಿ.

ಕೊನೆಗೆ ನೋಡಿದ ವೈದ್ಯೆ ಉತ್ತರ ಭಾರತದಲ್ಲಿ ಓದಿ ಬಂದವರು. ನನ್ನ ಹಳೇ ರಿಪೋರ್ಟುಗಳನ್ನು ತಿರುವಿ, ಗೋಧಿ ಮೈಗೆ ಒಗ್ಗದ ಕಾಯಿಲೆಯ ಸುಳಿವು ಕೊಡುವ ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರು. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ ಎಂದೂ ಎಚ್ಚರಿಸಿದರು. ಬಿಟ್ಟುಬಿಟ್ಟರೆ ಫಲಿತಾಂಶ ಸುಳ್ಳು ಹೇಳುತ್ತದೆ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಏಕೆಂದರೆ ಅನುಮಾನ ಬಂದ ಕೂಡಲೇ ಜನ ಗೋಧಿ ಬಿಟ್ಟು, ಆಮೇಲೆ ಪರೀಕ್ಷೆಗೆ ಹೋಗುತ್ತಾರೆ.

ಟಿಟಿಜಿ ಮಿತಿ ಮೀರಿ ಬಂತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಒಳಗೋಡೆಯ ಮೇಲೆ ಮಖಮಲ್ಲಿನ ಎಳೆಗಳ ಹಾಗೆ ಎದ್ದು ನಿಂತಿರಬೇಕಾದ ವಿಲ್ಲೈಗಳು ಮಲಗಿಬಿಟ್ಟಿದ್ದವು. ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದು ಕರುಳಿನ ಆ ಭಾಗದಲ್ಲೇ. ಮೂರು ವರ್ಷದ ಮಾತ್ರೆ ಎಲ್ಲಿ ಹೋಯಿತೆಂದು ಆಗ ತಿಳಿಯಿತು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ನಮ್ಮದೇ ರೋಗನಿರೋಧಕ ಶಕ್ತಿ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಮದ್ದಿಲ್ಲ. ಆ ಧಾನ್ಯಗಳನ್ನು ಪೂರ್ತಿ, ಬದುಕಿರುವವರೆಗೆ ಬಿಡಬೇಕು.

ನಮ್ಮ ಕಡೆ ಇದು ಬೇಗ ಪತ್ತೆಯಾಗುವುದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತಪರೀಕ್ಷೆಯಲ್ಲಿ ಇದರ ಸುಳಿವು ಸಿಕ್ಕವರು ಉತ್ತರ ಭಾರತದಲ್ಲಿ ನೂರಕ್ಕೆ 1.23 ಇದ್ದರೆ ದಕ್ಷಿಣದಲ್ಲಿ ಬರೀ 0.10. ಆದರೆ ಇದಕ್ಕೆ ಎಡೆಮಾಡುವ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ವ್ಯತ್ಯಾಸ ಇದ್ದದ್ದು ತಟ್ಟೆಗೆ ಬೀಳುವ ಗೋಧಿಯಲ್ಲಿ. ಈಗ ನಮ್ಮ ಮನೆಗಳಲ್ಲೂ ದಿನಾ ಚಪಾತಿ, ಬ್ರೆಡ್ಡು, ಬಿಸ್ಕತ್ತು. ವೈದ್ಯರು ಇನ್ನಾದರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದಿನದ ಊಟಕ್ಕೆ ನನಗೆ ಅಷ್ಟೇನೂ ತೊಂದರೆಯಾಗಲಿಲ್ಲ. ಧಾರವಾಡದಲ್ಲಿ ಹುಟ್ಟಿದವಳು, ಜೋಳದ ರೊಟ್ಟಿ ಬಡಿಯಲು ಬರುತ್ತದೆ. ಗ್ಲುಟೆನ್ ಅಂದರೆ ಗೋಧಿ ಹಿಟ್ಟಿನ ಅಂಟೇ. ಆ ಅಂಟು ಜೋಳಕ್ಕಿಲ್ಲ. ಅದಕ್ಕೇ ಕುದಿಯುವ ಎಸರು ಹೊಯ್ದು ಹಿಟ್ಟಿಗೆ ಜಿಗಿ ಬರಿಸಿ, ಅಂಗೈಯಿಂದ ಚೆನ್ನಾಗಿ ನಾದಿ, ಬಿಸಿ ಆರುವ ಮೊದಲೇ ಬಡಿಯುತ್ತೇವೆ. ಹಿಟ್ಟು ಹಳೆಯದಾದರೆ ಅಂಚು ಒಡೆಯುತ್ತದೆ. ಹಾಗಾಗಿ ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತೇನೆ. ರೊಟ್ಟಿ, ಕಾಳುಪಲ್ಯ, ಗುರೆಳ್ಳು ಪುಡಿ, ಮೊಸರು ಇದ್ದರೆ ನನಗೆ ಬೇರೆ ಏನೂ ಬೇಡ. ಬೆಳಿಗ್ಗೆ ಅವಲಕ್ಕಿ, ಇಡ್ಲಿ, ಮಂಡಕ್ಕಿ ಸೂಸಲ. ಪೇಟೆಯ ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತುಗಳಿಗೆ ನಾನು ಕೈಹಾಕಿದ್ದು ಕಡಿಮೆ.

ಆದರೂ ಮೂರು ತಿಂಗಳಾದರೂ ಹೊಟ್ಟೆ ಉಬ್ಬರ ಹೋಗಲಿಲ್ಲ. ಒಂದು ಭಾನುವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು ಒಂದೊಂದರ ಬೆನ್ನನ್ನೂ ಓದಿದೆ. ಇಂಗಿನ ಡಬ್ಬಿಯ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಅಪ್ಪಟ ಇಂಗು ಗಿಡದ ಹಾಲು ಗಟ್ಟಿಯಾದ ರಾಳ. ಅದರ ಘಾಟು ಬಲು ಜೋರು, ಅದಕ್ಕೇ ಗೋಂದು, ಹಿಟ್ಟು ಬೆರೆಸಿ ಮಾರುತ್ತಾರೆ. ದಿನಾ ಎರಡು ಹೊತ್ತು ಸಾರಿನ ಒಗ್ಗರಣೆಯಲ್ಲಿ, ಸಾರಿನ ಪುಡಿಯಲ್ಲಿ, ಚಟ್ನಿಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ ಅದೇ ಇಂಗು. ಚಿಟಿಕೆಯಲ್ಲೇನಿದೆ ಎನ್ನುವವರಿಗೆ ನಾನು ಲೆಕ್ಕ ಹೇಳುತ್ತೇನೆ: ಗ್ಲುಟೆನ್‌ರಹಿತ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ನಮ್ಮ ದೇಶದ ನಿಯಮದ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು. ಒಂದೇ ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 80ರಿಂದ 100 ಮಿಲಿಗ್ರಾಂ ಇರುತ್ತದೆ. ಈಗ ಅಕ್ಕಿ ಹಿಟ್ಟು ಬೆರೆಸಿದ ಇಂಗು ತರುತ್ತೇನೆ, ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ.

ಆಮೇಲೆ ಗಿರಣಿ. ಓಣಿಯ ಗಿರಣಿಯಲ್ಲಿ ಜೋಳಕ್ಕೂ ಗೋಧಿಗೂ ಒಂದೇ ಕಲ್ಲು. ಹಿಟ್ಟು ಬೀಳುವ ಬಟ್ಟೆಯ ತೋಳಿಗೆ ಹಿಂದಿನವರ ಗೋಧಿ ಮೆತ್ತಿಕೊಂಡಿರುತ್ತಿತ್ತು. ಮೊದಲು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಒಂದು ಸೇರು ಅಕ್ಕಿ ಬೀಸಿಸಿ, ಆ ಹಿಟ್ಟು ಬಿಟ್ಟು, ಆಮೇಲೆ ನನ್ನ ಜೋಳ ಹಾಕಿಸುತ್ತಿದ್ದೆ. ಗಿರಣಿಯ ಅಜ್ಜ ಪಾಪ ಒಂದು ದಿನವೂ ಬೇಸರಿಸಿಕೊಳ್ಳಲಿಲ್ಲ. ಆದರೂ ಅನುಮಾನ ತೀರದೆ ದುಡ್ಡು ಕೂಡಿಸಿ ಮನೆಗೇ ಸಣ್ಣ ಗಿರಣಿ ತಂದೆ. ಅದಕ್ಕೆ ಇವತ್ತಿನವರೆಗೂ ಗೋಧಿ ಹಾಕಿಲ್ಲ. ನನ್ನ ಹಂಚು, ಲಟ್ಟಣಿಗೆ, ಜರಡಿ ಎಲ್ಲ ಬೇರೆ.

ದೇಸಿ ಜವೆಗೋಧಿ ಏನೂ ಮಾಡುವುದಿಲ್ಲ ಎಂದು ಹಲವರು ಹೇಳಿದರು. ಅದೂ ಗೋಧಿಯದೇ ಜಾತಿ, ನಮಗೆ ವಿಷವೇ. ಬೇಸಿಗೆಯ ಬಾರ್ಲಿ ನೀರು, ಮಾಲ್ಟ್ ಹಾಕಿದ ಪುಡಿಗಳೂ ಹಾಗೆಯೇ.

ನಿಜವಾದ ಕಷ್ಟ ಹಬ್ಬಗಳದು. ನಮ್ಮ ಕಡೆ ದಿನಕ್ಕೆ ಜೋಳ, ಹಬ್ಬಕ್ಕೆ ಗೋಧಿ. ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಶಾವಿಗೆ, ಕರಿಗಡಬು, ಎಲ್ಲ ಒಟ್ಟಿಗೇ ಹೋದವು. ಹುಗ್ಗಿಗೆ ನವಣಕ್ಕಿ ಹೊಂದಿತು. ನಮ್ಮಜ್ಜಿ ಮಾಡುತ್ತಿದ್ದದ್ದೂ ನವಣಕ್ಕಿ ಹುಗ್ಗಿಯೇ ಎಂದು ಅವ್ವ ಆಮೇಲೆ ಹೇಳಿದಳು. ಹೋಳಿಗೆಗೆ ನಾಲ್ಕು ಸಲ ಸೋತೆ, ಕನಕ ಹರಿದು ಹೂರಣ ಹಂಚಿಗೆ ಅಂಟುತ್ತಿತ್ತು. ಎರಡು ಬಟ್ಟಲು ಅಕ್ಕಿ ಹಿಟ್ಟಿಗೆ ಎರಡು ಚಮಚ ಇಸಬಗೋಲ್ ಸೇರಿಸಿ, ಉಕ್ಕರಿಸಿ, ಎಣ್ಣೆ ಕೈಯಿಂದ ನಾದಿ ಬಾಳೆಲೆಯ ಮೇಲೆ ತಟ್ಟಿದಾಗ ನಿಂತಿತು. ಗೋಧಿ ಹೋಳಿಗೆಯಷ್ಟು ತೆಳ್ಳಗೆ ಬರುವುದಿಲ್ಲ, ಆದರೆ ತುಪ್ಪ ಹಾಕಿದರೆ ರುಚಿಯಾಗೇ ಇರುತ್ತದೆ.

ಪ್ರಸಾದದ್ದು ಮಾತ್ರ ಮನಸ್ಸಿಗೆ ನಾಟಿತ್ತು. ಮೊದಲ ವರ್ಷ ಅತ್ತೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗೋಧಿ ರವೆಯ ಸಪಾದಭಕ್ಷ್ಯವನ್ನು ಅಂಗೈಗೆ ಹಾಕಿಸಿಕೊಂಡು ಕಣ್ಣಿಗೊತ್ತಿಕೊಂಡೆ, ಬಾಯಿಗೆ ಹಾಕಲಿಲ್ಲ, ಯಜಮಾನರಿಗೆ ಕೊಟ್ಟೆ. ಅತ್ತೆ ನೋಡಿದರು. “ದೇವರ ಪ್ರಸಾದ ಅದ, ಇಷ್ಟ ತಿಂದ್ರ ಏನಾಗ್ತದವಾ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಪ್ರಸಾದ ಬಿಟ್ಟವರಿಗೆ ಏನಾಯಿತೆಂದು ಕಥೆಯಲ್ಲಿ ಆಗತಾನೇ ಕೇಳಿದ್ದರು.

ಪೂಜೆಗೆ ಬಂದಿದ್ದ ಆಚಾರ್ರಿಗೆ ನಾನೇ ನನ್ನ ಕಾಯಿಲೆ ವಿವರಿಸಿದೆ. ಅವರು ಪುಸ್ತಕ ತೆಗೆದು ಪ್ರಸಾದದ ಶ್ಲೋಕ ಹುಡುಕಿದರು. ಬಾಳೆಹಣ್ಣು, ತುಪ್ಪ, ಹಾಲು, ಗೋಧಿ ಹಿಟ್ಟು ಎಂದಾದ ಮೇಲೆ “ಅಭಾವೇ ಶಾಲಿಚೂರ್ಣಂ ವಾ” ಎಂದಿದೆ. “ಗೋಧಿ ಇಲ್ಲಂದ್ರ ಅಕ್ಕಿ ಹಿಟ್ಟು ಅಂತ ಕಥಿಯೊಳಗ ಬರದದ ನೋಡ್ರಿ. ಮುಂದಿನ ಸಲ ಹಂಗ ಮಾಡ್ರಿ” ಎಂದು ಅತ್ತೆಗೆ ಹೇಳಿದರು.

ಮರುವರ್ಷ ಅತ್ತೆ ಅಕ್ಕಿ ತೊಳೆದು ನೆರಳಲ್ಲಿ ಆರಿಸಿ, ರವೆ ಒಡೆದು, ಒಂದೂಕಾಲು ಪಾವು ಅಳೆದು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದರು. ಹಾಲು ಮಾತ್ರ ಗೋಧಿ ರವೆಗಿಂತ ಹೆಚ್ಚು ಬೇಡಿತು. ಆ ಹೊತ್ತಿಗೆ ನನ್ನ ಹಿಮೋಗ್ಲೋಬಿನ್ 12 ದಾಟಿತ್ತು. ಮಂಗಳಾರತಿ ಮುಗಿದ ಮೇಲೆ ಅತ್ತೆ ಮೊದಲ ತುತ್ತು ನನ್ನ ಅಂಗೈಗೇ ಹಾಕಿದರು. ಈಗ ಅವರ ಅಡುಗೆಮನೆಯಲ್ಲಿ ಅಕ್ಕಿ ರವೆಯ ಡಬ್ಬಿ ಬೇರೆಯೇ ಇದೆ, ಕೈತಪ್ಪಿ ಬೇರೆ ಚಮಚ ಬೀಳಬಾರದೆಂದು ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದ್ದಾರೆ.