ನಲವತ್ತು ದಾಟಿದ ಮೇಲೆ ನನ್ನ ತಟ್ಟೆ

ಹೊಟ್ಟೆ ಕರಗಿಸಬೇಕು ಅಂತ ಹೊರಟಾಗ ನಾನು ಮೊದಲು ಹೆಚ್ಚಿಸಿದ್ದು ಪ್ರೋಟೀನ್. ಅನ್ನ, ಸಿಹಿ, ಎಣ್ಣೆಯನ್ನೆಲ್ಲ ಇಳಿಸಿದ್ದು ಆಮೇಲೆ. ಈ ವಯಸ್ಸಿನಲ್ಲಿ ಇದೇ ಸರಿಯಾದ ಕ್ರಮ ಅಂತ ನನಗೆ ಈಗಲೂ ಗಟ್ಟಿಯಾಗಿ ಅನಿಸುತ್ತದೆ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ದೇಹಕ್ಕೆ ಕೆಲಸ ಕೊಡದವರಲ್ಲಿ ಇದು ಇನ್ನೂ ಜೋರು. ತೂಕದ ಯಂತ್ರ ಇದನ್ನು ತೋರಿಸುವುದಿಲ್ಲ. ಸ್ನಾಯು ಹೋದಷ್ಟೇ ಕೊಬ್ಬು ಬಂದು ಸೇರಿದರೆ ತೂಕ ಅಷ್ಟೇ ಇರುತ್ತದೆ, ಸೊಂಟ ಮಾತ್ರ ದಪ್ಪವಾಗುತ್ತದೆ. ಹೀಗಿರುವಾಗ ಸುಮ್ನೆ ಹೊಟ್ಟೆ ಕಟ್ಟಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಮತ್ತೆ ಮೊದಲಿನಂತೆ ತಿನ್ನತೊಡಗಿದಾಗ ಕೊಬ್ಬು ಸುಲಭವಾಗಿ ವಾಪಸ್ ಬರುತ್ತದೆ, ಸ್ನಾಯು ಅಷ್ಟು ಸುಲಭಕ್ಕೆ ಬರುವುದಿಲ್ಲ.

‘ವಯಸ್ಸಾಯ್ತು, ಮೆಟಬಾಲಿಸಂ ಕಡಿಮೆ ಆಯ್ತು, ಇನ್ನೇನು ಮಾಡೋದು’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ ಅಲ್ವಾ? 2021ರಲ್ಲಿ ಅಮೆರಿಕದ ವಿಜ್ಞಾನಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 6,400ಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. ದೇಹದ ಗಾತ್ರ ಮತ್ತು ಸ್ನಾಯುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 20ರಿಂದ 60ರ ವರೆಗೆ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನಿಧಾನವಾಗಿ ಇಳಿಯುವುದು 60ರ ನಂತರ. ಇದನ್ನು ಓದಿ ನನಗೆ ದೊಡ್ಡ ಧೈರ್ಯ ಬಂತು. ನಡುವಯಸ್ಸಿನಲ್ಲಿ ಓಡಾಟ ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ಸ್ನಾಯು ಸೊರಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಕೊಬ್ಬು ಹೊಟ್ಟೆಯ ಕಡೆಗೆ ಸೇರುವುದೂ ನಿಜ. ಆದರೆ ಇವುಗಳಲ್ಲಿ ಬಹಳಷ್ಟನ್ನು ನಾವು ಬದಲಿಸಬಹುದು.

ನನ್ನ ಲೆಕ್ಕ ಸರಳವಾಗಿತ್ತು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್. 70 ಕಿಲೋ ಇರುವವರಿಗೆ 84 ಗ್ರಾಂ ಆಗುತ್ತದೆ. ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ 28 ಗ್ರಾಂ. ಬರೆಯಲು ಸುಲಭ, ತಟ್ಟೆಗೆ ತರಲು ಸ್ವಲ್ಪ ಯೋಚನೆ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಬೇಯಿಸಿದ ಬೇಳೆಕಾಳು 100 ಗ್ರಾಂ ತಿಂದರೆ 8-9 ಗ್ರಾಂ. ಮಾಮೂಲಿ ಮೊಸರು 100 ಗ್ರಾಂನಲ್ಲಿ 3-4 ಗ್ರಾಂ ಮಾತ್ರ, ನೀರು ಬಸಿದ ಗಟ್ಟಿ ಮೊಸರಿನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಮೀನು, ಕೋಳಿ ತಿನ್ನುವವರಿಗೆ 100 ಗ್ರಾಂನಲ್ಲೇ 20ರ ಮೇಲೆ ಸಿಗುತ್ತದೆ. ಸಸ್ಯಾಹಾರಿಗಳು ಕಾಳಿನ ಪಾಲು ಹೆಚ್ಚಿಸಿದಾಗ ಅದರ ಜೊತೆ ಪಿಷ್ಟವೂ ಬರುತ್ತದೆ. ಹಾಗಾಗಿ ಅನ್ನವೋ ಬ್ರೆಡ್ಡೋ, ಆ ಪಾಲನ್ನು ಅಷ್ಟು ಇಳಿಸಲೇಬೇಕು.

ತಟ್ಟೆಗೆ ಬಡಿಸಿಕೊಳ್ಳುವ ಕ್ರಮವನ್ನೂ ಬದಲಿಸಿದೆ. ಮೊದಲು ಪ್ರೋಟೀನ್. ಆಮೇಲೆ ಅರ್ಧ ತಟ್ಟೆ ತುಂಬುವಷ್ಟು ತರಕಾರಿ. ಉಳಿದ ಜಾಗಕ್ಕೆ ಧಾನ್ಯ. ಯಾವುದನ್ನೂ ಬಿಡಲಿಲ್ಲ, ಹಸಿದುಕೊಂಡು ಏಳಲೂ ಇಲ್ಲ. ಪ್ರೋಟೀನ್, ನಾರು ಎರಡೂ ಇದ್ದರೆ ಮುಂದಿನ ಊಟದ ತನಕ ಹೊಟ್ಟೆ ತಡೆಯುತ್ತದೆ. ಸಂಜೆ ಬಿಸ್ಕತ್ತಿನ ಡಬ್ಬಿಯ ಕಡೆ ಕೈ ಹೋಗುವುದು ತಾನಾಗಿಯೇ ನಿಂತಿತು. ಬೆಳಗಿನ ತಿಂಡಿಗೆ ಎರಡು-ಮೂರು ಬಗೆ ಗೊತ್ತು ಮಾಡಿಕೊಂಡು ಅವನ್ನೇ ತಿರುಗಿಸಿ ತಿರುಗಿಸಿ ಮಾಡುತ್ತೇನೆ. ರುಚಿ ಬದಲಾಯಿಸಬೇಕು ಅನಿಸಿದರೆ ತರಕಾರಿ ಬದಲಾಯಿಸುತ್ತೇನೆ. ದಿನಾ ಹೊಸದಾಗಿ ಯೋಚಿಸುವ ಶ್ರಮವೇ ಎಷ್ಟೋ ಜನರನ್ನು ಪಥ್ಯದಿಂದ ಓಡಿಸುತ್ತದೆ ಅಂತ ನನ್ನ ನಂಬಿಕೆ.

ಆಮೇಲೆ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ. ಬಾಟಲಿಯಿಂದ ನೇರವಾಗಿ ಸುರಿದಾಗ ಎರಡು ಚಮಚ ಎಲ್ಲಿ, ನಾಲ್ಕು ಎಲ್ಲಿ, ಗೊತ್ತಾಗುವುದಿಲ್ಲ. ಅಳೆದು ಹಾಕತೊಡಗಿದೆ, ಅಷ್ಟೇ. ಬಾದಾಮಿ, ಕಡಲೆಕಾಯಿ ಒಳ್ಳೆಯವೇ, ಆದರೆ 30 ಗ್ರಾಂಗೆ 170 ಕ್ಯಾಲರಿ ದಾಟುತ್ತದೆ. ಅದಕ್ಕೇ ಚಿಕ್ಕ ಬಟ್ಟಲಿಗೆ ಹಾಕಿಕೊಂಡು ತಿನ್ನುತ್ತೇನೆ, ಡಬ್ಬಿ ಹಿಡಿದು ಕೂರುವುದಿಲ್ಲ. ಸಕ್ಕರೆ ಬೆರೆಸಿದ ಪಾನೀಯ ಪೂರ್ತಿ ಬಿಟ್ಟೆ. ಅದು ಹೊಟ್ಟೆ ತುಂಬಿಸುವುದಿಲ್ಲ, ಕ್ಯಾಲರಿ ಮಾತ್ರ ತುಂಬುತ್ತದೆ.

ಪ್ಯಾಕೆಟ್ ತಿನಿಸಿನ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. 2019ರಲ್ಲಿ ಅಮೆರಿಕದಲ್ಲಿ ಸಂಶೋಧಕ ಕೆವಿನ್ ಹಾಲ್ ಅವರ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ಒಂದು ಪ್ರಯೋಗ ಮಾಡಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಅಡುಗೆ, ಎಷ್ಟು ಬೇಕಾದರೂ ತಿನ್ನಬಹುದು. ಕಾರ್ಖಾನೆ ಆಹಾರ ಇದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು. ಯಾರೂ ಒತ್ತಾಯ ಮಾಡಿರಲಿಲ್ಲ. ಇದು ಮನೋಬಲದ ಪ್ರಶ್ನೆ ಅಲ್ಲವೇ ಅಲ್ಲ. ಆ ತಿನಿಸು ಮನೆಗೆ ಬಾರದಿದ್ದರೆ ಅರ್ಧ ಕೆಲಸ ಮುಗಿದಂತೆ.

ಊಟ ಎಷ್ಟೇ ಚೆನ್ನಾಗಿದ್ದರೂ ಸ್ನಾಯುವಿಗೆ ಕೆಲಸ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅನ್ನುತ್ತದೆ. ನಡಿಗೆ ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಇಷ್ಟರಿಂದ ಶುರು ಮಾಡಿ ನಿಧಾನವಾಗಿ ತೂಕ ಎತ್ತುವುದಕ್ಕೆ ಬಂದೆ. ನಿದ್ದೆಯನ್ನೂ ಊಟದಷ್ಟೇ ಗಂಭೀರವಾಗಿ ತೆಗೆದುಕೊಂಡೆ. ನಿದ್ದೆಗೆಟ್ಟ ಮರುದಿನ ಹಸಿವು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಮೊದಲ ವಾರ ತೂಕ ಸರ್ರನೆ ಇಳಿದರೆ ಹಿಗ್ಗಬೇಡಿ, ಬಹುಪಾಲು ಅದು ನೀರು. ದೇಹ ಸಕ್ಕರೆಯನ್ನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಡುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇದೆ. ದಿನಕ್ಕೆ 500 ಉಳಿಸಿದರೂ ವಾರಕ್ಕೆ ಅರ್ಧ ಕಿಲೋ ಹತ್ತಿರ, ನಿಜಕ್ಕೂ ಅದಕ್ಕಿಂತ ನಿಧಾನ. ಅದಕ್ಕೇ ನಾನು ನೆಚ್ಚಿಕೊಂಡದ್ದು ಸೊಂಟ ಅಳೆಯುವ ಟೇಪನ್ನು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ, ಬಿಗಿ ಮಾಡದೆ ಅಳೆಯಬೇಕು. ಆ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನೆಲ್ಲ ಶುರು ಮಾಡಬಾರದು. ಧಾನ್ಯ ಇಳಿಸಿದಾಗ ಔಷಧಿಯ ಪ್ರಮಾಣವೂ ಬದಲಾಗಬೇಕಾಗಬಹುದು, ಪ್ರೋಟೀನ್ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಸೊಂಟ ಆ ಅಳತೆಗೆ ಬಂದ ಮೇಲೆ ನಾನು ಹೆಚ್ಚಿಸಿದ್ದು ಧಾನ್ಯವನ್ನು, ಅದೂ ಸ್ವಲ್ಪ ಸ್ವಲ್ಪವಾಗಿ. ಪ್ರೋಟೀನ್, ತರಕಾರಿ, ವಾರದ ಎರಡು ದಿನದ ವ್ಯಾಯಾಮ ಹಾಗೇ ಇವೆ. ಟೇಪಿನಲ್ಲಿ ಒಂದು ಬೆರಳಗಲ ಹೆಚ್ಚಾದರೆ ಮೊದಲು ನೋಡುವುದು ಎಣ್ಣೆಯ ಚಮಚ, ನಡುನಡುವೆ ಬಾಯಾಡಿಸಿದ ತಿನಿಸು. ಅಲ್ಲಿ ಎಲ್ಲ ಸರಿ ಇದ್ದರೆ ಮಾತ್ರ ಧಾನ್ಯದ ಪಾಲನ್ನು ಮತ್ತೆ ಒಂದು ಹಿಡಿ ಇಳಿಸುತ್ತೇನೆ.