ಗೆಳೆಯನ ಮನೆಗೆ ಹುಣಸೆ ಬೀಜದ ಅಂಟಿನಲ್ಲಿ ವಚನದ ಹಲಗೆ: ನನ್ನ ಅನುಭವ

ಹುಣಸೆ ಬೀಜದ ಅಂಟಿನಲ್ಲಿ ಎಬ್ಬಿಸಿದ ಅಕ್ಷರ ಗೋಡೆ ಮೇಲೆ ನಿಲ್ಲೋದಿಲ್ಲ ಅಂತ ಅಕ್ಷರದ ಕೆಲಸ ಮಾಡುವ ನಮ್ಮವರೇ ಸುಮಾರು ಜನ ಹೇಳಿದ್ದರು. ನಿಂತಿದೆ. ತುಮಕೂರಿನ ಕ್ಯಾತ್ಸಂದ್ರದಲ್ಲಿ ನನ್ನ ಗೆಳೆಯನ ಮನೆ ಹಾಲ್‌ನಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ನೋಡಿ ನಿಂತಿದೆ. ಒಂದು ಅಕ್ಷರವೂ ಬಿರುಕು ಬಿಟ್ಟಿಲ್ಲ, ಎಲ್ಲೂ ಬೂಷ್ಟು ಹಿಡಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೆಳೆಯ ಓದಿದ್ದು ಸಿದ್ಧಗಂಗಾ ಮಠದಲ್ಲಿ. ಸಂಜೆ ಪ್ರಾರ್ಥನೆಗೆ ಸಾವಿರಾರು ಹುಡುಗರ ಜೊತೆ ಕೂತು ವಚನ ಹೇಳಿ ಬೆಳೆದವನು. ಹೊಸ ಮನೆಗೆ ಗಡಿಯಾರ ಕೊಡೋಕೆ ನನಗೆ ಮನಸ್ಸಾಗಲಿಲ್ಲ. 12ನೇ ಶತಮಾನದ ಬಸವಣ್ಣನ ಮಾತನ್ನ ಕೈಯಲ್ಲೇ ಮಾಡಿಕೊಡೋಣ ಅಂತ 'ನುಡಿದರೆ ಮುತ್ತಿನ ಹಾರದಂತಿರಬೇಕು' ಆರಿಸಿಕೊಂಡೆ. 3 ಅಡಿ ಅಗಲ, 2 ಅಡಿ ಎತ್ತರ. ಇದೇ ಅಳತೆಗೆ ಅಕ್ರಿಲಿಕ್ ಅಕ್ಷರ ಕತ್ತರಿಸಿ ಅಂಟಿಸಿಕೊಡೋಕೆ ಊರಿನ ಒಂದು ಅಂಗಡಿಯಲ್ಲಿ 7 ಸಾವಿರದ ಹತ್ತಿರ ಕೇಳಿದರು. ನೋಡೋಕೆ ಎಟಿಎಂ ಬೋರ್ಡ್ ಥರಾನೇ ಇತ್ತು. ವಚನ ಹಾಗೆ ಕಾಣಬಾರದು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ನಿಮಗೆಲ್ಲ ಗೊತ್ತಲ್ಲ. ಅವರು ಗೋಣಿಯ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತೆ ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಮಾಡಿಕೊಳ್ಳುತ್ತಾರೆ. ಅದನ್ನ ಗೊಂಬೆಯ ಮರದ ಮೈಗೆಲ್ಲ ಕೈಯಲ್ಲೇ ಮೆತ್ತುತ್ತಾರೆ. ಅಲ್ಲಿ ನಿಲ್ಲೋದಾದರೆ ಅಕ್ಷರ ಯಾಕೆ ನಿಲ್ಲಬಾರದು? ನಮ್ಮ ತುಮಕೂರಲ್ಲಿ ಹುಣಸೆಗೇನು ಬರವೇ? ಬೇಸಿಗೆ ಬಂದರೆ ಎಪಿಎಂಸಿ ತುಂಬಾ ಅದೇ. ಬೀಜ ಕೆಜಿಗೆ 20–30 ರೂಪಾಯಿ ಕೊಟ್ಟ ನೆನಪು. ಎರಡು ಕೆಜಿ ಸಾಕು, ಅದೂ ಮಿಗುತ್ತೆ.

ಬೀಜ ಹುರಿದರೆ ಸಿಪ್ಪೆ ಸಿಡಿದು ಬಿಡುತ್ತೆ. ಅದನ್ನ ಪೂರ್ತಿ ತೆಗೆಯಬೇಕು. ಸಿಪ್ಪೆಯ ಒಗರು ಒಳಗೆ ಉಳಿದರೆ ಅಂಟು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಬಿಳಿ ಹಚ್ಚಿದರೂ ಕಲೆ ಎದ್ದು ಬರುತ್ತೆ. ಆಮೇಲೆ ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ ಕುದಿಸಿ.

ಮೊದಲ ಹಲಗೆಯನ್ನ ಇಲಿ ತಿಂದಿತು. ಗೆಳೆಯನ ಅಮ್ಮ ಮೊದಲೇ ಹೇಳಿದ್ದರು, "ಏನಪ್ಪಾ, ಹಿಟ್ಟಲ್ಲಿ ಬರೀತಿದೀಯ, ಇಲಿ ಬಿಡುತ್ತಾ?" ಅಂತ. 'ಹಾರದಂತಿರಬೇಕು' ಅನ್ನೋದರಲ್ಲಿ ಅರ್ಧ ಹೋಯಿತು. ಉಳಿದದ್ದಕ್ಕೆ ಆಷಾಢದ ಥಂಡಿಯಲ್ಲಿ ಹಸಿರು ಬೂಷ್ಟು. ಬೋರ್ಡ್ ಬರೆಯುವ ಹಿರಿಯರೊಬ್ಬರು ನೋಡಿ, "ಬಿಡು ಮರಿ, ಪಿಒಪಿ ಹಾಕು, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದರು. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಬೇಗ ಗಟ್ಟಿಯಾಗುತ್ತೆ, ನಿಜ. ಆದರೆ ಅಕ್ಷರದ ಅಂಚಿಗೆ ಬೆರಳು ತಾಗಿದರೆ ಸಾಕು, ಚೂರು ಎದ್ದು ಬರುತ್ತೆ.

ಪರಿಹಾರ ಸಿಕ್ಕಿದ್ದು ಗೊಬ್ಬರದ ಅಂಗಡಿಯಲ್ಲಿ. ಅಡಿಕೆ ತೋಟದವರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಒಯ್ಯುವ ಮೈಲುತುತ್ತ (ಕಾಪರ್ ಸಲ್ಫೇಟ್) ಇದೆಯಲ್ಲ, ಅದು. ಒಂದು ಲೀಟರ್ ಅಂಟಿಗೆ ಒಂದು ಚಿಟಿಕೆಗಿಂತ ಸ್ವಲ್ಪ ಜಾಸ್ತಿ, ಬಿಸಿನೀರಲ್ಲಿ ಕರಗಿಸಿ ಹಾಕಿದೆ. ಕಬ್ಬಿಣದ ಪಾತ್ರೆಯಲ್ಲಿ ಬೇಡ, ತಾಮ್ರ ಬಿಟ್ಟುಕೊಂಡು ಕೆಡುತ್ತೆ. ಪ್ಲಾಸ್ಟಿಕ್ ಬಕೆಟ್ ಸಾಕು. ಅದು ವಿಷ, ಕೈಗವಸು ಹಾಕಿಕೊಳ್ಳಿ, ಅಡುಗೆಮನೆ ಪಾತ್ರೆ ಮುಟ್ಟಬೇಡಿ. ಆಮೇಲೆ ಒಂದು ಚೂರು ಹಲಗೆಗೆ ಇದನ್ನ ಹಚ್ಚಿ ಬಚ್ಚಲಲ್ಲೇ ಇಟ್ಟು ನೋಡಿದೆ. ಮಳೆಗಾಲ ಮುಗಿದರೂ ಏನೂ ಆಗಲಿಲ್ಲ.

ಬಿರುಕಿನ ಕಥೆ ಬೇರೆ. ತಿಪಟೂರು ಕಡೆ ತೆಂಗಿನ ನಾರಿನ ಪುಡಿ ರಾಶಿ ರಾಶಿ ಬಿದ್ದಿರುತ್ತಲ್ಲ, ಮರದ ಹೊಟ್ಟಿನ ಬದಲು ಅದನ್ನ ಹಾಕಿ ನೋಡಿದೆ. ಅದು ನೀರು ಕುಡಿದು ಉಬ್ಬುತ್ತೆ, ಒಣಗುವಾಗ ಅಷ್ಟೂ ಕುಗ್ಗುತ್ತೆ, ಪ್ರತಿ ತಿರುವಿನಲ್ಲೂ ಅಕ್ಷರ ಸೀಳಿತು. ಆ ಕಿಟ್ಟವನ್ನ ಬಿಸಾಡಲಿಲ್ಲ, ಅಚ್ಚಿಗೆ ಒತ್ತಿ ಸಣ್ಣ ಕುಂಡ ಮಾಡಿದೆ. ಅದು ಚೆನ್ನಾಗೇ ಬಂತು, ಅದರ ಕಥೆ ಇನ್ನೊಮ್ಮೆ. ಅಕ್ಷರಕ್ಕೆ ಮಾತ್ರ ಸಾಮಿಲ್‌ನ ಹೊಟ್ಟೇ ಸರಿ, ಅದೂ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಜೊತೆಗೆ ಚಾಕ್ ಪುಡಿ, ಸ್ವಲ್ಪ ಫೆವಿಕಾಲ್. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ. ಒಂದೇ ಸಲ ದಪ್ಪ ಹಚ್ಚೋರು ಬಿರುಕು ನೋಡೇ ನೋಡ್ತಾರೆ. ನಾನು ಒಂದೊಂದು ಮಿಲಿಮೀಟರ್‌ನಷ್ಟು ಹಚ್ಚಿ, ನೆರಳಲ್ಲಿ ಪೂರ್ತಿ ಒಣಗಿಸಿ, ಉಪ್ಪು ಕಾಗದದಲ್ಲಿ ತರಿ ಮಾಡಿ ಮತ್ತೆ ಹಚ್ಚಿದೆ. ಒಟ್ಟು ಎತ್ತರ ನಾಲ್ಕು ಮಿಲಿಮೀಟರ್ ಇರಬಹುದು. ಕೆಳಗೆ 12 ಎಂಎಂ ಪ್ಲೈವುಡ್, ಅದರ ಮೇಲೆ ಹಳೆ ಕಾಟನ್ ಪಂಚೆಯನ್ನ ಇದೇ ಅಂಟಿನಲ್ಲಿ ಬಿಗಿಯಾಗಿ ಕೂರಿಸಿದ್ದೇನೆ. ಪಂಚೆ ಇಲ್ಲದಿದ್ದರೆ ಕಿಟ್ಟಕ್ಕೆ ಹಿಡಿತವೇ ಇಲ್ಲ.

ಈಗ ಅಕ್ಷರದ ವಿಷಯ. ಕಂಪ್ಯೂಟರ್ ಫಾಂಟ್ ಪ್ರಿಂಟ್ ತೆಗೆದು ಟ್ರೇಸ್ ಮಾಡೋರು ಇಲ್ಲಿ ಸೋಲುತ್ತಾರೆ. ಸಾಲುಗಳನ್ನ ಒಂದರ ಕೆಳಗೊಂದು ಇಟ್ಟು ನೋಡಿ. ಮೊದಲ ನಾಲ್ಕು ಸಾಲೂ 'ನುಡಿದರೆ' ಅಂತಲೇ ಶುರು, ಹಾಗಾಗಿ ಮುಂದಿನ ಪದಗಳು ನೇರ ಕೆಳಗೆ ಕೆಳಗೆ ಬರುತ್ತವೆ. 'ಮುತ್ತಿನ' ಪದದ ತ ವತ್ತು ಸರಿಯಾಗಿ 'ಮಾಣಿಕ್ಯ'ದ ಣಿ ಗುಡಿಸಿನ ಮೇಲೆ ಇಳಿಯುತ್ತೆ. 'ಸ್ಫಟಿಕ'ದ ಫ ವತ್ತು 'ಲಿಂಗ'ದ ಲಿ ಗುಡಿಸಿಗೆ ಗುದ್ದುತ್ತೆ. ಬಣ್ಣದಲ್ಲಿ ಬರೆದರೆ ಹೇಗೋ ನುಸುಳಿಸಬಹುದು, ಉಬ್ಬು ಅಕ್ಷರದಲ್ಲಿ ಎರಡೂ ಅಂಟಿಕೊಂಡು ಮುದ್ದೆ. ಅಕ್ಷರ ಒಂದೂವರೆ ಇಂಚು ಇಟ್ಟು, ಸಾಲಿಂದ ಸಾಲಿಗೆ ಮೂರೂವರೆ ಇಂಚು ಬಿಟ್ಟ ಮೇಲೆ ಉಸಿರಾಡಿತು. ಕೊನೆ ಸಾಲು ಉದ್ದ, ಅದನ್ನ ಎರಡು ಮಾಡಿದೆ, ಒಟ್ಟು ಆರು ಸಾಲು.

ಗುಡಿಸಿನ ಸುರುಳಿ ಒಳಗಿನ ಸಣ್ಣ ತೂತು ಕಿಟ್ಟದಲ್ಲಿ ಮುಚ್ಚಿಹೋಗುತ್ತೆ. ಇದಕ್ಕೆ ತೆಂಗಿನ ಪೊರಕೆ ಕಡ್ಡಿ. ಎಣ್ಣೆ ಸವರಿ ತೂತಿಗೆ ನಿಲ್ಲಿಸಿ, ಸುತ್ತ ಕಿಟ್ಟ ಕೂರಿಸಿ, ಅರೆ ಒಣಗಿದಾಗ ತಿರುಗಿಸುತ್ತಾ ಎಳೆಯಬೇಕು. ಹಸಿ ಇರುವಾಗ ಎಳೆದರೆ ಸುರುಳಿಯೇ ಬರುತ್ತೆ, ಪೂರ್ತಿ ಒಣಗಿದರೆ ಕಡ್ಡಿ ಮುರಿಯುತ್ತೆ. ಒಣಗಿದೆಯಾ ಅಂತ ಉಗುರು ಒತ್ತಿ ನೋಡಿ, ಗುರುತು ಬೀಳಬೇಕು, ಆದರೆ ಉಗುರಿಗೆ ಅಂಟಬಾರದು. ಆಗ ಸರಿ.

ಹಿನ್ನೆಲೆಗೆ ಕಾವಿ ಪುಡಿ, ಅಕ್ಷರಕ್ಕೆ ಬಿಳಿ. ಆ ಬಿಳಿಗೆ ಗೆಳೆಯನ ಅಮ್ಮ ಕೊಟ್ಟ ವಿಭೂತಿ ಗಟ್ಟಿಯನ್ನೂ ಪುಡಿ ಮಾಡಿ ಸೇರಿಸಿದೆ. ಹೊಳಪಿಲ್ಲದ, ಮೆತ್ತಗಿನ ಬೂದುಬಿಳಿ ಬಂತು, ಅಂಗಡಿಯ ಯಾವ ಡಬ್ಬಿಯಲ್ಲೂ ಆ ಬಣ್ಣ ನೋಡಿಲ್ಲ. ಎಷ್ಟು ಹಾಕಿದೆ, ಅದು ಕೈಗೆ ಮೆತ್ತದ ಹಾಗೆ ಯಾವುದರಲ್ಲಿ ಕಲೆಸಿದೆ ಅನ್ನೋದು ನನ್ನಲ್ಲೇ ಇರಲಿ, ಅಷ್ಟು ದಿನ ಕೂತದ್ದಕ್ಕೆ ಅದೊಂದಾದರೂ ನನಗೆ ಉಳಿಯಬೇಕು.

ಚಿನ್ನ ಒಂದೇ ಕಡೆ, ಅಂಕಿತಕ್ಕೆ. 'ಕೂಡಲಸಂಗಮದೇವ' ವರೆಗೆ ರೇಕು, ಅಂದರೆ ಚಿನ್ನದ ತೆಳು ಹಾಳೆ, 'ನೆಂತೊಲಿವನಯ್ಯಾ' ಬಿಳಿ. ಮೊದಲು ನಕಲಿ ರೇಕು ಹಚ್ಚಿದ್ದೆ, ಅದು ಹಿತ್ತಾಳೆ, ವಾರ್ನಿಷ್ ತಾಗದ ಅಂಚಲ್ಲೆಲ್ಲ ಕಪ್ಪಾಯಿತು. ಕೆರೆದು ಹಾಕಿ ಅಸಲಿ ತಂದೆ. ಅದಕ್ಕೇ 2 ಸಾವಿರದ ಹತ್ತಿರ ಹೋಯಿತು. ಉಳಿದ ಲೆಕ್ಕ ನೋಡಿದರೆ ಪ್ಲೈವುಡ್ ಮಿಕ್ಕಿದ ತುಂಡು 400, ಫೆವಿಕಾಲ್, ಚಾಕ್ ಪುಡಿ, ಕಾವಿ, ಬ್ರಷ್ ಎಲ್ಲ ಸೇರಿ 700–800, ಮರದ ಹೊಟ್ಟು ಬಿಟ್ಟಿ. ಹಾಳಾದ ಹಲಗೆಗಳನ್ನ ಸೇರಿಸಿದರೂ 5 ಸಾವಿರ ದಾಟಿಲ್ಲ. ಗೆಳೆಯ ದುಡ್ಡು ಕೊಡೋಕೆ ಬಂದ, ನಾನು ರೇಕಿನ ದುಡ್ಡು ಮಾತ್ರ ತೆಗೆದುಕೊಂಡೆ.

ಗೃಹಪ್ರವೇಶಕ್ಕೆ ಬಂದವರು ಅಕ್ಷರ ಮುಟ್ಟಿ ಮುಟ್ಟಿ ನೋಡಿದರು. ಪಿಒಪಿ ಹಾಕು ಅಂದಿದ್ದ ಆ ಹಿರಿಯರೂ ಬಂದಿದ್ದರು, ಗುಡಿಸಿನ ತೂತು ಹೇಗೆ ತೆಗೆದೆ ಅಂತ ಕೇಳಿದರು. ಅಷ್ಟು ಚೊಕ್ಕವಾಗಿ ಈ ಸುತ್ತಿನಲ್ಲಿ ಯಾರೂ ತೆಗೆದಿಲ್ಲ, ಅದನ್ನ ಧೈರ್ಯವಾಗಿ ಹೇಳುತ್ತೇನೆ.

ಈಗ ಗುಬ್ಬಿಯ ಒಂದು ಮನೆಗೆ 'ಕಳಬೇಡ ಕೊಲಬೇಡ' ಹಿಡಿದಿದ್ದೇನೆ. ಇದನ್ನ ದುಡ್ಡಿಗೇ ಮಾಡುತ್ತಿರೋದು, 9 ಸಾವಿರ ಹೇಳಿದೆ, ಅವರು ಚೌಕಾಸಿ ಮಾಡಲಿಲ್ಲ. ಅದರಲ್ಲಿ ವತ್ತು ಕಡಿಮೆ, ಸಾಲು ಹತ್ತಿರ ಹತ್ತಿರ ಇಡಬಹುದು. ಆದರೆ 'ಬೇಡ' ಏಳು ಸಲ ಬರುತ್ತೆ, ಏಳೂ ಕೈಯಲ್ಲೇ, ಅಚ್ಚು ಹಾಕೋದಿಲ್ಲ. ಮೊದಲ ಕೋಟ್ ನೆರಳಲ್ಲಿ ಒಣಗುತ್ತಿದೆ.