ಕೂಸು ನಡ್ಯಾಕ ಹತ್ತಿದ್ರೂ ಮನಸ್ಸು ಸುಧಾರಿಸಿಲ್ಲಂದ್ರ ಎಲ್ಲಿ ಹೋಗ್ಬೇಕು, ಡಾಕ್ಟರಿಗೆ ಏನ್ ಕೇಳ್ಬೇಕು

ಹಡದ ಮೊದಲ ಎರಡು ವಾರ ಸುಮ್‌ಸುಮ್ನ ಅಳು ಬರೂದು, ಸಿಟ್ಟು ಬರೂದು ಭಾಳ ಮಂದಿಗೆ ಆಗ್ತೈತಿ, ತಾನ ಹೋಗ್ತೈತಿ. ಆದ್ರ ಅಂಟಿನ ಉಂಡಿ ಖಾಲಿಯಾಗಿ, ತವರಮನಿಯಿಂದ ವಾಪಸ್ ಬಂದು, ಕೂಸು ಎದ್ದು ನಡ್ಯಾಕ ಹತ್ತಿದ್ರೂ ನಿಮಗ ಮುಂಜಾನೆ ಏಳಾಕ ಮನಸಿಲ್ಲ, ಕೂಸು ಮಲಗಿದ್ರೂ ನಿದ್ದಿ ಇಲ್ಲ, ಅದನ್ನ ಎತ್ಕೊಂಡ್ರೂ ಏನೂ ಅನಸೂದಿಲ್ಲ ಅಂದ್ರ ಅದನ್ನ ಬಾಣಂತಿ ಸುಸ್ತು ಅಂತ ಬಿಡಬ್ಯಾಡ್ರಿ, ಡಿಪ್ರೆಷನ್ ಇರಬಹುದು. ಇದು ಮುಖ್ಯ ಬರ್ಯಾಕತ್ತಿದ್ದು ಒಮ್ಮೆ ಡಾಕ್ಟರ್ ಕಡೆ ಹೋಗಿ ಗುಳಿಗಿ ತಗೊಂಡು "ಏನೂ ಫರಕ್ ಇಲ್ಲ ಬಿಡ್ರಿ" ಅಂತ ಕೈಚೆಲ್ಲಿ ಕುಂತವ್ರ ಸಲುವಾಗಿ. ನಾ ಕಂಡಂಗ ಅಂಥವ್ರಾಗ ಎಷ್ಟೋ ಮಂದಿಗೆ ಟ್ರೀಟ್‌ಮೆಂಟ್ ಫೇಲ್ ಆಗಿರೂದಿಲ್ಲ, ಅದು ಪೂರಾ ಆಗಿರೂದ ಇಲ್ಲ.

ಹೋಗೂಕಿಂತ ಮುಂಚೆ ಒಂದ್ ಹಾಳಿ ತಗೊಂಡು ಬರೀರಿ. ಯಾವಾಗ ಶುರು ಆತು, ನಿದ್ದಿ ಹೆಂಗ, ಊಟ ಹೆಂಗ, ಯಾವ ಗುಳಿಗಿ, ಎಷ್ಟು ಎಂಜಿ, ಎಷ್ಟು ದಿನ ತಗೊಂಡ್ರಿ, ಯಾಕ ಬಿಟ್ರಿ. ಓಪಿಡಿ ಒಳಗ ಐದು ನಿಮಿಷ ಸಿಕ್ರ ಪುಣ್ಯ, ಅಲ್ಲಿ ಅತ್ತಿ ಪಕ್ಕದಾಗ ನಿಂತಿರ್ತಾರ, ಬಾಯಿ ಬರೂದಿಲ್ಲ, ಹಾಳಿ ಕೊಟ್ರ ಅದ ಮಾತಾಡ್ತೈತಿ. ಹಡದ ಮ್ಯಾಲಿನ ಡಿಪ್ರೆಷನ್ ಗುರ್ತಸಾಕ ಎಡಿನ್‌ಬರೋ ಸ್ಕೇಲ್ ಅಂತ 10 ಪ್ರಶ್ನೆದ್ದು ಒಂದ್ ಫಾರ್ಮ್ ಐತಿ, 1987ರಿಂದ ಬಳಕ್ಯಾಗ ಐತಿ, ಕನ್ನಡದಾಗೂ ಐತಿ, ಹೋದ 7 ದಿನ ಹೆಂಗ ಇದ್ರಿ ಅಂತ ಕೇಳ್ತೈತಿ. ಅದನ್ನ ತುಂಬಸ್ಕೋರಿ ಅಂತ ನೀವ ಕೇಳ್ರಿ. ಹತ್ತನೇ ಪ್ರಶ್ನೆ ಜೀವಕ್ಕ ಅಪಾಯ ಮಾಡ್ಕೋಬೇಕು ಅನಸ್ತೈತೇನು ಅನ್ನೂದು, ಅದಕ್ಕ ಸುಳ್ಳು ಬರೀಬ್ಯಾಡ್ರಿ.

ಆಮ್ಯಾಲೆ ಡಾಕ್ಟರಿಗೆ ಕೇಳೂವು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡ್ಯಾರೇನು? ಹೆರಿಗೆ ಆದ ವರ್ಷದೊಳಗ ಥೈರಾಯ್ಡ್ ಏರುಪೇರಾಗೂದು ಐತಿ, ಅದು ತಪ್ಪಿದ್ರ ಡಿಪ್ರೆಷನ್ ಗುಳಿಗಿ ಒಂದ ಏನ್ ಮಾಡ್ತೈತಿ? ಗುಳಿಗಿ ಡೋಸ್ ಸಾಕೇನು? ಈ ಗುಳಿಗಿ ತಲಿನೋವಿನ ಗುಳಿಗಿ ಹಂಗ ಅಲ್ಲ, ಕೆಲಸ ಶುರು ಮಾಡಾಕ ಎರಡರಿಂದ ಆರು ವಾರ ಬೇಕು, ಎಂಟು ದಿನಕ್ಕ ಬಿಟ್ರ ತಗೊಂಡೂ ತಗೊಳ್ದಂಗ. ಎದಿಹಾಲು ಕುಡಸ್ತೀನಿ ಅಂತ ಮೊದ್ಲ ಹೇಳ್ರಿ, ಸರ್ಟ್ರಾಲಿನ್‌ನಂಥ ಗುಳಿಗಿ ಹಾಲಿನ್ಯಾಗ ಭಾಳ ಕಡಿಮಿ ಹೋಗ್ತೈತಿ, ಅದಕ್ಕ ಹಾಲು ಕುಡಸೂ ತಾಯಂದ್ರಿಗೆ ಅದನ್ನ ಹೆಚ್ಚು ಬರದ್ ಕೊಡ್ತಾರ. "ಹಾಲು ವಿಷ ಆಗ್ತೈತಿ, ಬಿಟ್ಬಿಡು" ಅಂತ ಓಣ್ಯಾಗಿನ ಅಜ್ಜಿ ಹೇಳಿದ್ರ ಅಜ್ಜಿಗೆ ಚಹಾ ಕೊಟ್ಟು ಕಳಸ್ರಿ, ಗುಳಿಗಿ ಬಿಡಬ್ಯಾಡ್ರಿ. ನಡುವ ಕೆಲವು ದಿನ ನಿದ್ದಿ ಇಲ್ದನೂ ಭಾಳ ಹುರುಪು, ಭಾಳ ಮಾತು, ಭಾಳ ಖರ್ಚು ಆಗಿದ್ರ ಅದನ್ನೂ ಹೇಳ್ರಿ, ಹಿಂಗ ಒಮ್ಮೆ ಅತಿ ಹುರುಪು, ಒಮ್ಮೆ ಕುಗ್ಗೂ ಬೈಪೋಲಾರ್ ಕಾಯಿಲೆ ಆದ್ರ ಔಷಧಿನ ಬ್ಯಾರೆ. ಬರೇ ಗುಳಿಗಿ ಸಾಲೂದಿಲ್ಲ, ಸೈಕಾಲಜಿಸ್ಟ್ ಕಡೆ ಕೌನ್ಸೆಲಿಂಗಿಗೂ ಬರಸ್ಕೋರಿ.

ಎಲ್ಲಿ ಅಂದ್ರ, ಧಾರವಾಡದಾಗ ಡಿಮ್ಹಾನ್ಸ್ ಅನ್ನೂ ಸರ್ಕಾರಿ ಮಾನಸಿಕ ಆಸ್ಪತ್ರಿ ಐತಿ. ಹಳೇ ಮಂದಿ ಅದಕ್ಕ ಹುಚ್ಚರ ಆಸ್ಪತ್ರಿ ಅಂತಾರ, ಅನ್ಲಿ, ಓಪಿಡಿಗೆ ಹೋಗಿ ತೋರಿಸ್ಕೊಂಡು ಸಂಜಿಗೆ ಮನಿಗೆ ಬರ್ತೀರಿ. ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರಿ ಅಂದ್ರ ಹುಬ್ಬಳ್ಳ್ಯಾಗ ಕಿಮ್ಸ್ (ಈಗ ಕೆಎಂಸಿ-ಆರ್‌ಐ ಅಂತ ಹೆಸರು), ಗದಗಿನ್ಯಾಗ ಜಿಮ್ಸ್, ಹಾವೇರ್ಯಾಗ ಜಿಲ್ಲಾ ಆಸ್ಪತ್ರಿ. ದೂರ ಆಗ್ತೈತಿ ಅಂದ್ರ ತಾಲೂಕು ಆಸ್ಪತ್ರ್ಯಾಗ ಮನಸಿನ ಕಾಯಿಲೆ ನೋಡೂ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವಾಗ ಅಂತ ಆಶಾ ಅಕ್ಕಾರನ್ನ ಕೇಳ್ರಿ. ಮನಿಯಿಂದನ 14416ಕ್ಕ ಫೋನ್ ಹಚ್ಬಹುದು, ಅದು ಟೆಲಿ ಮನಸ್ ಅನ್ನೂ ಸರ್ಕಾರದ ಮನಸಿನ ಆರೋಗ್ಯ ಸಹಾಯವಾಣಿ, ದಿನದ 24 ತಾಸು, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಅಡ್ಮಿಟ್ ಆಗ್ಬೇಕಂದ್ರ ಕೂಸಿನ ಚಿಂತಿ ಇರ್ತೈತಿ, ಆದ್ರ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೂರು ವರ್ಷದೊಳಗಿನ ಕೂಸನ್ನ ಸಾಮಾನ್ಯವಾಗಿ ತಾಯಿಯಿಂದ ಅಗಲಸೂ ಹಂಗಿಲ್ಲ, ಇದನ್ನ ಅಲ್ಲಿ ಬಾಯಿ ಬಿಟ್ಟು ಹೇಳ್ರಿ. ಒಬ್ಬ ಡಾಕ್ಟರ್ ಕಿವಿಗೊಡ್ಲಿಲ್ಲಂದ್ರ ಫೈಲ್ ತಗೊಂಡು ಇನ್ನೊಬ್ರ ಕಡೆ ಹೋಗ್ರಿ, ಅದ್ರಾಗ ಮರ್ಯಾದಿ ಹೋಗೂದೇನಿಲ್ಲ.

ಮನಿಯವ್ರಿಗೆ ಎರಡು ಮಾತು. "ಗಾಳಿ ಸೋಕೇತಿ" ಅಂತ ತಾಯತ ಕಟ್ಟಸೂದಿದ್ರ ಕಟ್ಟಸ್ರಿ, ಡಾಕ್ಟರ್ ಕಡೆ ಹೋಗೂದು ನಿಲ್ಲಸಬ್ಯಾಡ್ರಿ. ರಾತ್ರಿ ಒಂದ್ ಪಾಳಿ ಗಂಡ ಕೂಸನ್ನ ನೋಡ್ಕೋಬೇಕು, ಆಕಿಗೆ ಸಲಗ ನಾಕೈದು ತಾಸು ನಿದ್ದಿ ಸಿಗ್ಬೇಕು. ಸಾಯ್ಬೇಕು ಅಂತ ಆಕಿ ಅಂದ್ರ ನಾಟಕ ಅನ್ನಬ್ಯಾಡ್ರಿ, ಹೊಲಕ್ಕ ಹೊಡ್ಯೂ ಎಣ್ಣಿ, ಗುಳಿಗಿ ಎಲ್ಲಾ ಕೀಲಿ ಹಾಕಿ ಇಡ್ರಿ, ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಇಲ್ಲದ ಧ್ವನಿ ಕೇಳಸ್ತಾವು, ಕೂಸು ನಂದಲ್ಲ, ಯಾರೋ ಬದಲಿ ಮಾಡ್ಯಾರ ಅಂತ ಹೇಳಾಕತ್ತಿದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಆ ಹೊತ್ತಿನ್ಯಾಗ 108 ಕರೀರಿ.

ಹಗುರ ಆತು ಅಂತ ಗುಳಿಗಿ ತಟ್ಟನ ನಿಲ್ಲಸಬ್ಯಾಡ್ರಿ, ಆರಾಮ್ ಆದ ಮ್ಯಾಲೂ ಕಡಿಮಿ ಅಂದ್ರ ಆರು ತಿಂಗಳು ನಡಸಾಕ ಹೇಳ್ತಾರ, ಬಿಡೂದಿದ್ರ ಡಾಕ್ಟರ್ ಹೇಳಿದಂಗ ಮೆಲ್ಲಕ ಕಡಿಮಿ ಮಾಡ್ರಿ. ಎರಡನೇ ಕೂಸಿನ ವಿಚಾರ ಇದ್ರ ಬಸಿರಾಗೂಕಿಂತ ಮುಂಚೆನ ಅವ್ರಿಗೆ ತಿಳಸ್ರಿ, ಯಾಕಂದ್ರ ಮತ್ತ ಬರೂ ಸಾಧ್ಯತೆ ಇರ್ತೈತಿ, ಮೊದ್ಲ ಗೊತ್ತಿದ್ರ ಅವ್ರು ಹೆರಿಗೆ ಹೊತ್ತಿಗೆ ತಯಾರಿರ್ತಾರ.